ಬಾಯಿಯ ಬೇನೆ: ಹಲ್ಲಿನಿಂದಲೋ, ಔಷಧದಿಂದಲೋ?

ಈ ಶಾಲೆಯಲ್ಲಿ ಕಲಿತು ಈಗ ಸಂಸಾರಗಳನ್ನು ನಡಿಸುತ್ತಿರುವ ಸಹೋದರಿಯರಿಗೂ ತಮ್ಮ ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹಿಸಿರುವ ತಾಯಿತಂದೆಗಳಿಗೂ ಈ ಪಾಠವನ್ನು ಬರೆಯುತ್ತೇನೆ. ಶರೀರಶಾಸ್ತ್ರದ ತರಗತಿಯಲ್ಲಿ ನಾವು ಹಲ್ಲುಗಳ ಲೆಕ್ಕವನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದು ನಿಮಗೆ ನೆನಪಿರಬಹುದು: ಬಾಚಿಹಲ್ಲು ೮, ಕೋರೆಹಲ್ಲು ೪, ಮುಂದವಡೆಯ ಹಲ್ಲು ೮, ಹಿಂದವಡೆಯ ಹಲ್ಲು ೧೨, ಕೂಡಿ ೩೨. ಲೆಕ್ಕವನ್ನೇನೋ ಕಲಿತೆವು, ಆದರೆ ಬಾಯಲ್ಲಿ ಒಂದು ಬೇನೆ ಹುಟ್ಟಿದಾಗ ಅದರ ಮೂಲವನ್ನು ಹೇಗೆ ವಿಚಾರಿಸಬೇಕೆಂಬದನ್ನು ಆ ಪಾಠದಲ್ಲಿ ಕಲಿಯಲಿಲ್ಲ.

ಈ ಕಾಲದಲ್ಲಿ ಆ ವಿಚಾರವು ಪ್ರತಿಯೊಂದು ಮನೆಗೂ ಬೇಕಾಗಿದೆ. ಯಾಕಂದರೆ ದಿನಾಲು ಒಂದಾದರೂ ಗುಳಿಗೆ ನುಂಗುವವರಿಲ್ಲದ ಮನೆ ಈಗ ಅಪರೂಪ. ಅಜ್ಜನಿಗೆ ರಕ್ತದೊತ್ತಡದ ಗುಳಿಗೆ, ಅಜ್ಜಿಗೆ ಗಂಟುನೋವಿನದು, ತಂದೆಗೆ ಸಕ್ಕರೆ ರೋಗದ್ದು, ಮಗುವಿಗೆ ಸಿಹಿಯಾದ ಪಾನಕದಂಥ ಔಷಧ. ಹೀಗಿರುವಲ್ಲಿ ಒಸಡು ಬಾತರೂ ಹಲ್ಲು ಕಪ್ಪಾದರೂ ಬಾಯಿ ಹುಣ್ಣಾದರೂ ಮನೆಯವರು ಎರಡರಲ್ಲಿ ಒಂದನ್ನು ಹೇಳುತ್ತಾರೆ. ಕೆಲವರು, “ಎಲ್ಲಾ ಆ ಗುಳಿಗೆಯ ಉಷ್ಣ” ಎನ್ನುವರು. ಕೆಲವರು, “ಹಲ್ಲು ಕೆಟ್ಟಿದೆ, ಕೀಳಿಸಿಬಿಡಿರಿ” ಎನ್ನುವರು. ಈ ಎರಡು ಮಾತುಗಳಲ್ಲಿ ಯಾವದನ್ನೇ ಆಗಲಿ ವಿಚಾರಿಸದೆ ನಂಬಿದರೆ ಎಂಥ ಹಾನಿಯಾಗುವದೆಂಬದನ್ನು ನನಗೆ ಪರಿಚಯವಿರುವ ಎರಡು ಮನೆಗಳ ಸಂಗತಿಯಿಂದ ಮೊದಲು ತಿಳಿಸುತ್ತೇನೆ.

೧. ಎರಡು ಮನೆಗಳ ಸಂಗತಿ

ಮೊದಲನೆಯ ಮನೆಯಲ್ಲಿ ಎಂಟನೆಯ ತರಗತಿಯಲ್ಲಿ ಓದುವ ಒಬ್ಬ ಹುಡುಗಿ ಇದ್ದಳು. ಅವಳಿಗೆ ಮೂರ್ಛೆರೋಗವಿದ್ದದರಿಂದ ವೈದ್ಯರು ಫೆನಿಟೊಯಿನ್ ಎಂಬ ಗುಳಿಗೆಯನ್ನು ಕೊಟ್ಟಿದ್ದರು. ಗುಳಿಗೆ ಆರಂಭಿಸಿದ ಮೇಲೆ ಮೂರ್ಛೆ ಬರುವದು ನಿಂತಿತು. ಆದರೆ ನಾಲ್ಕೈದು ತಿಂಗಳಲ್ಲಿ ಮುಂದಿನ ಹಲ್ಲುಗಳ ನಡುವಣ ಒಸಡು ಸಣ್ಣ ಸಣ್ಣ ಗುಬುಟುಗಳಂತೆ ಬೆಳೆದು ಹಲ್ಲುಗಳನ್ನು ಮುಚ್ಚತೊಡಗಿತು. ಹುಡುಗಿ ನಗುವಾಗ ಬಾಯಿಗೆ ಸೆರಗು ಹಿಡಿಯುವಳು. ನೆರೆಮನೆಯಾಕೆ, “ಅಕ್ಕಾ, ಇದು ಆ ಗುಳಿಗೆಯ ದೆಸೆಯಿಂದಲೇ; ಇಂದೇ ನಿಲ್ಲಿಸಿಬಿಡಿ” ಎಂದಳು. ಆಕೆ ಕಾರಣವನ್ನು ಸರಿಯಾಗಿಯೇ ಊಹಿಸಿದ್ದಳು. ಆದರೆ ಕೊಟ್ಟ ಬುದ್ಧಿ ಮಾತ್ರ ಅಪಾಯದ್ದು. ತಾಯಿಯು ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸಿದಳು. ನಾಲ್ಕನೆಯ ದಿನ ಹುಡುಗಿಗೆ ಬಚ್ಚಲುಮನೆಯಲ್ಲಿ ಮೂರ್ಛೆ ಬಂತು. ಒಂದರ ಹಿಂದೆ ಒಂದಾಗಿ ಬಂದ ಮೂರ್ಛೆಯನ್ನು ನಿಲ್ಲಿಸುವದಕ್ಕೆ ಆಸ್ಪತ್ರೆಯಲ್ಲಿ ಬಹಳ ಶ್ರಮಪಡಬೇಕಾಯಿತು. ಬಿದ್ದಾಗ ಹಣೆಗೆ ತಗಲಿದ ಗಾಯದ ಕಲೆ ಈಗಲೂ ಉಂಟು.

ಎರಡನೆಯ ಮನೆಯಲ್ಲಿ ತಪ್ಪು ಇನ್ನೊಂದು ಕಡೆಗೆ ನಡೆಯಿತು. ಒಬ್ಬ ವೃದ್ಧೆಯ ಬಾಯಲ್ಲಿ ಹುಣ್ಣುಗಳಾದವು. ಅವಳಿಗೆ ಮುರಿದ ದವಡೆಹಲ್ಲೊಂದು ಇದ್ದದರಿಂದ, ಅದರ ಚೂಪು ತಗಲಿ ಹುಣ್ಣಾಗಿದೆಯೆಂದು ಮನೆಯವರೆಲ್ಲರೂ ತಿಳಿದರು. ಹಲ್ಲನ್ನು ಕೀಳಿಸುವದಕ್ಕಾಗಿ ದಂತವೈದ್ಯರ ಹತ್ತಿರ ಕರಕೊಂಡು ಹೋದರು. ಆ ವೈದ್ಯರು ಬಾಯನ್ನು ನೋಡಿ ಇಕ್ಕಳವನ್ನು ಎತ್ತಲಿಲ್ಲ. “ಅಜ್ಜೀ, ದಿನಾಲು ಏನೇನು ಗುಳಿಗೆ ತಕ್ಕೊಳ್ಳುತ್ತೀರಿ?” ಎಂದು ಕೇಳಿದರು. “ಗಂಟುನೋವಿನದು ಒಂದು ಹಳದಿ ಗುಳಿಗೆ, ಮಗಾ. ಹೊಸ ಚೀಟಿ ಬಂದಂದಿನಿಂದ ದಿನಕ್ಕೊಂದು ತಕ್ಕೊಳ್ಳುತ್ತೇನೆ” ಎಂದಳು. ಚೀಟಿಯನ್ನು ತರಿಸಿ ನೋಡಿದಾಗ ಅದು ಮೆಥೊಟ್ರೆಕ್ಸೇಟ್ ಎಂಬ ಔಷಧ. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳತಕ್ಕದ್ದು. ಚೀಟಿಯನ್ನು ಓದಿ ಹೇಳಿದವರು ತಪ್ಪಿದ್ದರಿಂದ ಅವಳು ಒಂಭತ್ತು ದಿನ ಬಿಡದೆ ನುಂಗಿದ್ದಳು. ಈ ಔಷಧವು ಮಿತಿಮೀರಿದಾಗ ಬಾಯಿಯ ಒಳಚರ್ಮ ಕಿತ್ತುಹೋಗುವದು. ಹಾಗೆಯೇ ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವದೂ ಕುಂದುವದು. ಬಾಯಿಯ ಹುಣ್ಣು ಮೊದಲಿನ ಎಚ್ಚರಿಕೆ ಮಾತ್ರ. ದಂತವೈದ್ಯರು ಆ ಗಳಿಗೆಯಲ್ಲಿಯೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಫೋಲಿನಿಕ್ ಆಮ್ಲವೆಂಬ ಪ್ರತ್ಯೌಷಧವನ್ನು ಕೊಟ್ಟು ಉಳಿಸಿದರು. ಹಲ್ಲು ಕಿತ್ತು ಮನೆಗೆ ಕಳುಹಿಸಿದ್ದರೆ ಅವಳು ಮರುದಿನವೂ ಅದೇ ಗುಳಿಗೆಯನ್ನು ನುಂಗುತ್ತಿದ್ದಳು.

ಒಂದು ಮನೆಯಲ್ಲಿ ಔಷಧವೇ ಕಾರಣವೆಂದು ತಿಳಿದರೂ ಆತುರದಿಂದ ಕೆಟ್ಟರು. ಇನ್ನೊಂದರಲ್ಲಿ ಹಲ್ಲೇ ಕಾರಣವೆಂದು ನಂಬಿ ಕೆಡುವದರಲ್ಲಿದ್ದರು. ಆದದರಿಂದ ಈ ಪಾಠದ ಸಾರವು ಇಷ್ಟೇ: ಕಾರಣವನ್ನು ವಿವೇಚಿಸುವದು ಮನೆಯವರ ಕೆಲಸ, ಔಷಧವನ್ನು ನಿಲ್ಲಿಸುವದಾಗಲಿ ಬದಲಿಸುವದಾಗಲಿ ವೈದ್ಯರ ಕೆಲಸ. ಮೊದಲನೆಯದನ್ನು ನಾವು ಚೆನ್ನಾಗಿ ಮಾಡಿದರೆ ಎರಡನೆಯದು ಅವರಿಗೆ ಸುಲಭವಾಗುವದು.

೨. ಹಲ್ಲಿನ ಸ್ವಂತ ರೋಗವು ಹೇಗಿರುವದು?

ಔಷಧದ ಪರಿಣಾಮವನ್ನು ಗುರುತಿಸಬೇಕಾದರೆ, ಔಷಧವಿಲ್ಲದೆ ಸಾಧಾರಣವಾಗಿ ಬರುವ ದಂತರೋಗಗಳನ್ನು ಮೊದಲು ತಿಳಿದಿರಬೇಕು. ಇವು ಮುಖ್ಯವಾಗಿ ಎರಡು.

ಮೊದಲನೆಯದು ಹುಳುಕು. ಹಲ್ಲಿನಲ್ಲಿ ನಿಜವಾದ ಹುಳವೇನೂ ಇರುವದಿಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಿಹಿಪದಾರ್ಥವನ್ನು ಹುಳಿಯಾಗಿ ಮಾರ್ಪಡಿಸುವವು. ಆ ಹುಳಿಯು ಹಲ್ಲಿನ ಹೊರಕವಚವನ್ನು ಕರಗಿಸುವದು. ಕವಚದಲ್ಲಿ ನರವಿಲ್ಲದ ಕಾರಣ ಆರಂಭದಲ್ಲಿ ನೋವೇ ಇರುವದಿಲ್ಲ. ಕುಳಿಯು ಒಳಗಿನ ಪದರವನ್ನು ಮುಟ್ಟಿದಾಗ ತಣ್ಣೀರಿಗೂ ಬೆಲ್ಲಕ್ಕೂ ಜುಮ್ಮೆನ್ನುವದು. ನಡುವಣ ತಿರುಳನ್ನು ಮುಟ್ಟಿದಾಗ ರಾತ್ರಿ ಮಲಗಿದೊಡನೆ ಮಿಡಿಯುವ ನೋವು ಹುಟ್ಟುವದು. ಬೇರಿನ ತುದಿಗೆ ನಂಜು ಇಳಿದ ಮೇಲೆ ಆ ಒಂದೇ ಹಲ್ಲನ್ನು ತಟ್ಟಿದರೆ ನೋವು, ಅದರ ಪಕ್ಕದಲ್ಲಿಯೇ ಕೀವುಗುಳ್ಳೆ, ಆ ಒಂದೇ ಕೆನ್ನೆಯಲ್ಲಿ ಬಾವು.

ಎರಡನೆಯದು ಒಸಡಿನ ಉರಿಯೂತ. ಹಲ್ಲಿಗೂ ಒಸಡಿಗೂ ಕೂಡುವ ಅಂಚಿನಲ್ಲಿ ಮೆತ್ತನೆಯ ಪಾಚಿ ಕೂತು, ತೆಗೆಯದಿದ್ದರೆ ಗಟ್ಟಿಯಾಗಿ ಕಿಟ್ಟವಾಗುವದು. ಒಸಡು ಕೆಂಪಾಗಿ ಉಬ್ಬಿ, ಹಲ್ಲುಜ್ಜುವಾಗ ರಕ್ತ ಬರುವದು; ಬಾಯಿ ನಾರುವದು. ಗರ್ಭಿಣಿಯರಲ್ಲಿ ಶರೀರದ ಒಳರಸಗಳ ಬದಲಾವಣೆಯಿಂದ ಒಸಡು ಇನ್ನೂ ಬೇಗ ಉಬ್ಬುವದು. ಆಗ ಅನೇಕರು ಕಬ್ಬಿಣಸತ್ತಿನ ಗುಳಿಗೆಯನ್ನು ದೂರಿ ಅದನ್ನು ಬಿಟ್ಟುಬಿಡುತ್ತಾರೆ. ಇದು ತಪ್ಪು. ನುಂಗುವ ಕಬ್ಬಿಣದ ಗುಳಿಗೆಯಿಂದ ಒಸಡಿನಲ್ಲಿ ರಕ್ತ ಬರುವದಿಲ್ಲ. ಆ ಗುಳಿಗೆಯನ್ನು ಬಿಟ್ಟ ತಾಯಿಗೆ ರಕ್ತಹೀನತೆಯೇ ಲಾಭ. ಹಾಗೆಯೇ ಸಕ್ಕರೆ ರೋಗಿಯ ಒಸಡು ಬಾತಾಗ ಗುಳಿಗೆಯನ್ನು ದೂರುವದೂ ವಾಡಿಕೆ. ನಿಜವಾಗಿ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿರುವದರಿಂದಲೇ ಒಸಡಿನ ರೋಗವು ಬಲಿಯುವದು. ಗುಳಿಗೆ ಬಿಟ್ಟರೆ ಒಸಡು ಇನ್ನೂ ಕೆಡುವದು.

೩. ಕೇಳತಕ್ಕ ನಾಲ್ಕು ಪ್ರಶ್ನೆಗಳು

ಬಾಯಲ್ಲಿ ಹೊಸ ತೊಂದರೆ ಕಂಡಾಗ ಕಾಗದ ಕಡ್ಡಿ ಹಿಡಿದು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

ಮೊದಲನೆಯದು, ಎಂದಿನಿಂದ? ಔಷಧ ಆರಂಭಿಸಿದ ದಿನ, ಪ್ರಮಾಣ ಹೆಚ್ಚಿಸಿದ ದಿನ, ತೊಂದರೆ ಕಂಡ ದಿನ, ಈ ಮೂರನ್ನೂ ಬರೆಯಬೇಕು. ಔಷಧಕ್ಕಿಂತ ಮೊದಲೇ ತೊಂದರೆ ಇದ್ದರೆ ಅದನ್ನು ಹುಟ್ಟಿಸಿದ್ದು ಆ ಔಷಧವಲ್ಲ. ಆದರೆ ತೊಂದರೆ ಅನಂತರ ಬಂದಿತೆಂಬ ಮಾತ್ರಕ್ಕೆ ಔಷಧವೇ ಕಾರಣವೆಂದೂ ಹೇಳಕೂಡದು. ಕಾಗೆ ಕೂರುವದಕ್ಕೂ ಕೊಂಬೆ ಮುರಿಯುವದಕ್ಕೂ ಸರಿಹೋಗುವದುಂಟಷ್ಟೆ? ಹುಳುಕು ಎಂಬದು ತಿಂಗಳುಗಟ್ಟಲೆ ಮೌನವಾಗಿ ಬೆಳೆದು ಒಂದು ದಿನ ನೋವಾಗಿ ಕಾಣಿಸಿಕೊಳ್ಳುವ ರೋಗ; ನಿನ್ನೆ ಆರಂಭಿಸಿದ ಗುಳಿಗೆ ಇಂದು ಹಲ್ಲಿನಲ್ಲಿ ಕುಳಿ ತೋಡಲಾರದು.

ಎರಡನೆಯದು, ಎಲ್ಲಿ? ನುಂಗಿದ ಔಷಧವು ರಕ್ತದೊಂದಿಗೆ ಬಾಯಿಯ ಎಲ್ಲಾ ಕಡೆಗೂ ಹೋಗುವದು. ಆದದರಿಂದ ಅದರ ಪರಿಣಾಮವು ಹೆಚ್ಚಾಗಿ ಎರಡೂ ಪಕ್ಕಗಳಲ್ಲಿ, ಹಲವು ಸ್ಥಳಗಳಲ್ಲಿ ಕಾಣುವದು. ಒಂದೇ ಹಲ್ಲನ್ನು ಬೆರಳಿನಿಂದ ತೋರಿಸಲಿಕ್ಕಾಗುವ ನೋವು ಸಾಧಾರಣವಾಗಿ ಆ ಹಲ್ಲಿನದೇ.

ಮೂರನೆಯದು, ಯಾವದರಿಂದ ಹೆಚ್ಚುವದು? ತಂಪು, ಸಿಹಿ, ಕಚ್ಚುವದು, ತಟ್ಟುವದು, ಇವುಗಳಿಂದ ಕೆರಳಿದರೆ ಹಲ್ಲನ್ನು ಸಂಶಯಿಸಬೇಕು. ಇವು ಯಾವದರಿಂದಲೂ ಬದಲಾಗದೆ ಬಾಯೆಲ್ಲಾ ಉರಿಯುವದು, ಒಣಗುವದು, ರುಚಿ ಕೆಡುವದು ಆದರೆ ಔಷಧವನ್ನೂ ಸಂಶಯಿಸಬೇಕು. ಒಸಡಿನ ನಂಜಿಗೆ ಕೊಡುವ ಮೆಟ್ರೊನಿಡಜೋಲ್ ಇದಕ್ಕೆ ಒಳ್ಳೇ ಉದಾಹರಣೆ. ಅದನ್ನು ತಕ್ಕೊಳ್ಳುವಾಗ ನಾಲಿಗೆಗೆ ಲೋಹದ ರುಚಿ ಬರುವದು. ಕೆಟ್ಟ ಹಲ್ಲೇ ಹೀಗೆ ಕಹಿಯಾಗಿದೆಯೆಂದು ರೋಗಿಯು ಭಾವಿಸಬಹುದು. ಔಷಧದ ಸರದಿ ಮುಗಿದ ಮೇಲೆ ಆ ರುಚಿ ತಾನೇ ಹೋಗುವದು.

ನಾಲ್ಕನೆಯದು, ಮೈಯಲ್ಲಿ ಬೇರೇನಾದರೂ ಉಂಟೋ? ಜ್ವರ, ಚರ್ಮದ ಮೇಲೆ ದದ್ದು, ಕಾರಣವಿಲ್ಲದೆ ನೀಲಿಗಟ್ಟುವದು, ಮೂಗಿನಲ್ಲಿ ರಕ್ತ, ಕಣ್ಣು ಒಣಗುವದು, ಇಂಥವು ಬಾಯಿಯ ತೊಂದರೆಯ ಜೊತೆಗಿದ್ದರೆ ಅದು ಬರೇ ಹಲ್ಲಿನ ವಿಷಯವಲ್ಲ.

೪. ಪ್ರಶ್ನೆಗಳನ್ನು ಪ್ರಯೋಗಿಸುವ ವಿಧ

ಒಸಡು ಬೆಳೆಯುವದು. ಫೆನಿಟೊಯಿನ್ ಔಷಧವು ಮೂರ್ಛೆರೋಗಕ್ಕೆ ಒದಗುವದೆಂದು ೧೯೩೮ರಲ್ಲಿ ಅಮೇರಿಕೆಯ ಮೆರಿಟ್ ಮತ್ತು ಪುಟ್ನಮ್ ಎಂಬ ವೈದ್ಯರು ತೋರಿಸಿಕೊಟ್ಟರು. ಮರುವರ್ಷ, ಅಂದರೆ ೧೯೩೯ರಲ್ಲಿಯೇ, ಕಿಂಬಾಲ್ ಎಂಬ ವೈದ್ಯರು ಅದರಿಂದ ಒಸಡು ಬೆಳೆಯುವದನ್ನು ಪ್ರಕಟಿಸಿದರು. ಇದನ್ನು ಬಹುಕಾಲ ಸೇವಿಸುವವರಲ್ಲಿ ಸುಮಾರು ಅರ್ಧ ಮಂದಿಯಲ್ಲಿ ಇದು ಕಾಣುವದೆಂದು ವೈದ್ಯಗ್ರಂಥಗಳು ಹೇಳುತ್ತವೆ. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್, ಆಮ್ಲೋಡಿಪಿನ್, ಮೂತ್ರಪಿಂಡವನ್ನು ಬದಲಿಸಿದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಇವುಗಳಿಂದಲೂ ಹೀಗಾಗಬಹುದು. ಬರೇ ಪಾಚಿಯಿಂದ ಬಾತ ಒಸಡಿಗೂ ಇದಕ್ಕೂ ಇರುವ ಭೇದವೇನೆಂದರೆ, ಪಾಚಿಯಿಂದ ಬಾತದ್ದು ಕೆಂಪಗೆ, ಮೆತ್ತಗೆ, ಮುಟ್ಟಿದರೆ ರಕ್ತ ಬರುವಂತೆ ಇರುವದು. ಔಷಧದಿಂದ ಬೆಳೆದದ್ದು ಹೆಚ್ಚಾಗಿ ನಸುಗೆಂಪಾಗಿ, ಗಟ್ಟಿಯಾಗಿ, ನೋವಿಲ್ಲದೆ, ಮುಂದಿನ ಹಲ್ಲುಗಳ ನಡುವೆ ಗುಬುಟುಗಟ್ಟಿ ಆರಂಭವಾಗುವದು. ಕೀವುಗುಳ್ಳೆಯಾದರೋ ಒಂದೇ ಹಲ್ಲಿನ ಪಕ್ಕದಲ್ಲಿ ಎದ್ದು ನೋಯುವದು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಔಷಧವೊಂದೇ ಇದನ್ನು ಬೆಳೆಸುವದಿಲ್ಲ. ಹಲ್ಲಿನ ಪಾಚಿ ಹೆಚ್ಚಾದಷ್ಟು ಬೆಳವಣಿಗೆಯೂ ಹೆಚ್ಚುವದು. ಬೆಳೆದ ಒಸಡು ಬ್ರಶ್ಶಿಗೆ ಅಡ್ಡವಾಗಿ ಮತ್ತಷ್ಟು ಪಾಚಿಯನ್ನು ಕೂಡಿಸುವದು. ಆದದರಿಂದ ಗುಳಿಗೆಯನ್ನು ಬಿಡದೆಯೇ, ದಿನಕ್ಕೆ ಎರಡಾವರ್ತಿ ಮೆತ್ತನೆಯ ಬ್ರಶ್ಶಿನಿಂದ ಒಸಡಿನ ಅಂಚನ್ನು ಉಜ್ಜುವದರಿಂದಲೂ ದಂತವೈದ್ಯರಿಂದ ಕಿಟ್ಟವನ್ನು ತೆಗೆಸುವದರಿಂದಲೂ ಬಹಳಷ್ಟು ಪ್ರಯೋಜನವಾಗುವದು. ನಾನು ಹೇಳಿದ ಹುಡುಗಿಗೂ ಹೀಗೆಯೇ ಮಾಡಿದರು. ಅನಂತರ ವೈದ್ಯರು ಹಳೇ ಗುಳಿಗೆಯನ್ನು ವಾರವಾರವೂ ತುಸು ತುಸು ಇಳಿಸುತ್ತಾ ಬೇರೊಂದನ್ನು ಏರಿಸುತ್ತಾ ಬಂದರು. ವರುಷದೊಳಗೆ ಅವಳ ಹಲ್ಲುಗಳು ಮೊದಲಿನಂತೆ ಕಂಡವು. ಬಾಯಿಗೆ ಸೆರಗು ಹಿಡಿಯುವದನ್ನೂ ಬಿಟ್ಟಳು.

ಬಾಯಿ ಒಣಗುವದು. ಆರೋಗ್ಯವುಳ್ಳವರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನ ವರೆಗೆ ಜೊಲ್ಲು ಊರುವದು. ಅದು ಹುಳಿಯನ್ನು ತೊಳೆದು ಹಲ್ಲನ್ನು ಕಾಯುವ ಕಾವಲುಗಾರ. ನರದ ನೋವಿಗೂ ಮನಸ್ಸಿನ ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ಮೂತ್ರ ತಡೆಯಲಾರದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಮೊದಲಾದ ನೂರಾರು ಔಷಧಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಒಣ ಅವಲಕ್ಕಿ ನುಂಗಲಿಕ್ಕಾಗದು, ರಾತ್ರಿ ನಾಲಿಗೆ ಅಂಗಳಿಗೆ ಅಂಟುವದು. ವರುಷ ಕಳೆಯುವಷ್ಟರಲ್ಲಿ ಒಸಡಿನ ಅಂಚಿನಲ್ಲಿ, ಹಲ್ಲಿನ ಕೊರಳಿನಲ್ಲಿ, ಒಂದರ ಹಿಂದೆ ಒಂದಾಗಿ ಹುಳುಕು ಹಿಡಿಯುವದು. ಈಗ ಇದು ಹಲ್ಲಿನ ರೋಗವೋ, ಔಷಧದ ಪರಿಣಾಮವೋ? ಎರಡೂ ಹೌದು. ಗಿಡವು ಹಲ್ಲಿನ ರೋಗ, ಬೇರು ಒಣಬಾಯಿ. ಬರೇ ಕುಳಿಗಳನ್ನು ತುಂಬಿಸಿದರೆ ಹೊಸ ಕುಳಿಗಳು ಬರುತ್ತಲೇ ಇರುವವು. ಆಗಾಗ ನೀರು ಗುಟುಕರಿಸುವದು, ಸಿಹಿ ಪಾನಗಳನ್ನು ಬಿಡುವದು, ಫ್ಲೋರೈಡ್ ಇರುವ ಪೇಸ್ಟನ್ನು ಉಪಯೋಗಿಸುವದು, ಪ್ರಮಾಣವನ್ನು ಕಡಿಮೆ ಮಾಡಲಿಕ್ಕಾಗುವದೋ ಎಂದು ವೈದ್ಯರನ್ನು ಕೇಳುವದು, ಇವೇ ಬೇರಿಗೆ ಮಾಡುವ ಉಪಚಾರ.

ಒಸಡಿನಲ್ಲಿ ರಕ್ತ. ಹೃದಯದ ಕವಾಟ ಬದಲಿಸಿದವರಿಗೆ ವಾರ್ಫರಿನ್, ಹೃದಯಾಘಾತವಾದವರಿಗೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಕೊಡುವದುಂಟು. ಇವು ರಕ್ತ ಹೆಪ್ಪುಗಟ್ಟದಂತೆ ತಡೆಯುವವು. ಹಲ್ಲುಜ್ಜುವಾಗ ಸ್ವಲ್ಪ ರಕ್ತ ಬಂದರೆ ಸಾಧಾರಣವಾಗಿ ಮೊದಲೇ ಉರಿಯೂತವಿದ್ದ ಒಸಡನ್ನು ಔಷಧವು ಬಯಲು ಮಾಡಿತೆಂದು ತಿಳಿಯಬೇಕು. ಹೆದರಿ ಹಲ್ಲುಜ್ಜುವದನ್ನು ಬಿಟ್ಟರೆ ರಕ್ತ ಇನ್ನೂ ಹೆಚ್ಚುವದು. ಹೆದರಿ ಗುಳಿಗೆಯನ್ನು ಬಿಟ್ಟರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಬರಬಹುದು. ಆದರೆ ತಾನಾಗಿ ರಕ್ತ ಸೋರುವದು, ಮೈ ನೀಲಿಗಟ್ಟುವದು, ಮಲವು ಕಪ್ಪಾಗುವದು ಕಂಡರೆ ಅದೇ ದಿನ ವೈದ್ಯರ ಹತ್ತಿರ ಹೋಗತಕ್ಕದ್ದು. ಇಂಥವರು ಹಲ್ಲುನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆಯನ್ನು ತಾವಾಗಿ ತಂದು ನುಂಗಬಾರದು. ಅವುಗಳಲ್ಲಿ ಅನೇಕವು ರಕ್ತಸ್ರಾವವನ್ನು ಹೆಚ್ಚಿಸುವವು.

ಹಲ್ಲಿನ ಬಣ್ಣ. ಇದು ಹೆಣ್ಣುಮಕ್ಕಳ ತಾಯಂದಿರನ್ನು ಬಹಳ ಚಿಂತೆಗೀಡುಮಾಡುವ ವಿಷಯ. ಕಬ್ಬಿಣಸತ್ತಿನ ಹನಿಗಳನ್ನು ಕುಡಿಯುವ ಮಗುವಿನ ಹಲ್ಲಿನ ಮೇಲೆ ಕಪ್ಪು ಬಣ್ಣ ಕೂರುವದು. ಇದು ಹುಳುಕಲ್ಲ, ಕುಳಿಯಿಲ್ಲ, ಮೇಲ್ಮೈ ಗಟ್ಟಿಯಾಗಿರುವದು, ದಂತವೈದ್ಯರು ಉಜ್ಜಿ ತೆಗೆಯಬಲ್ಲರು. ಇದಕ್ಕೆ ಬದಲಾಗಿ ಟೆಟ್ರಾಸೈಕ್ಲಿನ್ ಜಾತಿಯ ಔಷಧದ ಬಣ್ಣವು ಹಲ್ಲಿನ ಒಳಗೇ ಸೇರಿಕೊಳ್ಳುವದು. ೧೯೪೮ರಲ್ಲಿ ಬೆಳಕಿಗೆ ಬಂದ ಈ ಔಷಧಗಳು ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗ ಅದರ ಸುಣ್ಣದ ಅಂಶದೊಂದಿಗೆ ಕೂಡಿ, ಹಳದಿ ಅಥವಾ ಕಂದು ಪಟ್ಟೆಗಳನ್ನು ಉಂಟುಮಾಡುವವು. ಆದದರಿಂದ ೮ ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರು ಸಾಧಾರಣವಾಗಿ ಇದನ್ನು ಕೊಡುವದಿಲ್ಲ.

ಆದರೆ ಕಂದು ಹಲ್ಲು ಕಂಡೊಡನೆ ಔಷಧವನ್ನು ದೂರುವದಕ್ಕೆ ಮೊದಲು ನೀರನ್ನು ವಿಚಾರಿಸಬೇಕು. ನಮ್ಮ ರಾಜ್ಯದಲ್ಲಿ ಕೋಲಾರ, ಪಾವಗಡ, ಮುಂಡರಗಿ ಮೊದಲಾದ ಸೀಮೆಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವು ಹೆಚ್ಚಾಗಿ ಕಂಡುಬಂದಿದೆ. ಒಂದು ಲೀಟರು ನೀರಿನಲ್ಲಿ ೧.೫ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಚಿಕ್ಕಂದಿನಲ್ಲಿ ಅಂಥ ನೀರು ಕುಡಿದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆಗಳೂ ಕಂದು ಗೆರೆಗಳೂ ಆಗುವವು. ಭೇದವನ್ನು ತಿಳಿಯುವ ಉಪಾಯ ಸುಲಭವಾದದ್ದು: ಒಂದೇ ಬಾವಿಯ ನೀರು ಕುಡಿದ ನೆರೆಹೊರೆಯ ಮಕ್ಕಳಿಗೂ ಹಾಗೆಯೇ ಇದ್ದರೆ ನೀರನ್ನೂ, ಒಡಹುಟ್ಟಿದವರ ಹಲ್ಲು ಬೆಳ್ಳಗಿದ್ದು ಈ ಒಂದು ಮಗುವಿಗೆ ಮಾತ್ರ ಪಟ್ಟೆಗಳಿದ್ದರೆ ಅದು ಶಿಶುವಾಗಿದ್ದಾಗ ಪಟ್ಟ ಕಾಯಿಲೆಯನ್ನೂ ಕೊಟ್ಟ ಔಷಧವನ್ನೂ ವಿಚಾರಿಸಬೇಕು.

ಸಿಹಿ ಔಷಧದ ವಿಷಯವಾಗಿ ಒಂದು ಮಾತು. ಕೆಮ್ಮಿಗೂ ಜ್ವರಕ್ಕೂ ಕೊಡುವ ಸಕ್ಕರೆ ಪಾಕವನ್ನು ಮಲಗುವ ವೇಳೆಯಲ್ಲಿ ಕುಡಿಸಿ ಹಾಗೆಯೇ ಮಲಗಿಸಿದರೆ, ಹುಳುಕು ಹಿಡಿಸುವದು ಔಷಧದ ಗುಣವಲ್ಲ, ಅದರೊಳಗಿನ ಸಕ್ಕರೆ. ಕುಡಿಸಿದ ಮೇಲೆ ಬಾಯಿ ಮುಕ್ಕಳಿಸಿದರೆ ಬಹಳ ಮಟ್ಟಿಗೆ ತಪ್ಪುವದು. ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧವನ್ನು ಉಪಯೋಗಿಸುವವರೂ ಹೀಗೆಯೇ ಬಾಯಿ ಮುಕ್ಕಳಿಸತಕ್ಕದ್ದು. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿಯ ಬೂಷ್ಟು ಬೆಳೆಯಬಹುದು.

ದವಡೆಯ ಎಲುಬು. ಎಲುಬು ಸವೆದ ವೃದ್ಧೆಯರಿಗೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ಗುಳಿಗೆಯನ್ನೂ, ಕ್ಯಾನ್ಸರ್ ಎಲುಬಿಗೆ ಹರಡಿದವರಿಗೆ ಜೊಲೆಡ್ರೊನಿಕ್ ಆಮ್ಲದ ಚುಚ್ಚುಮದ್ದನ್ನೂ ಕೊಡುತ್ತಾರೆ. ಇಂಥವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಗಾಯ ಮಾಯದೆ ಎಲುಬು ತೆರೆದೇ ಉಳಿಯುವದೆಂದು ೨೦೦೩ರಲ್ಲಿ ಮೊದಲು ಪ್ರಕಟವಾಯಿತು. ಗುಳಿಗೆ ತಕ್ಕೊಳ್ಳುವವರಲ್ಲಿ ಇದು ಬಹಳ ಅಪರೂಪ. ಕ್ಯಾನ್ಸರಿಗಾಗಿ ಚುಚ್ಚುಮದ್ದು ಪಡೆಯುವವರಲ್ಲಿ ಅದಕ್ಕಿಂತ ಹೆಚ್ಚು. ಕಿತ್ತ ಗಾಯವು ಎಂಟು ವಾರವಾದರೂ ಮುಚ್ಚದೆ ಎಲುಬು ಕಾಣುತ್ತಿದ್ದರೆ ಅದನ್ನು ಸಾಧಾರಣ ಗಾಯವೆಂದು ತಿಳಿಯಬಾರದು. ಈ ಔಷಧವನ್ನು ಆರಂಭಿಸುವದಕ್ಕೆ ಮೊದಲೇ ಹಲ್ಲುಗಳನ್ನು ತೋರಿಸಿ ಕೀಳತಕ್ಕದ್ದನ್ನು ಕೀಳಿಸುವದು ಜಾಣತನ.

೫. ಹಲ್ಲೂ ಅಲ್ಲ, ಔಷಧವೂ ಅಲ್ಲ

ಮೂರನೆಯ ಒಂದು ವರ್ಗವೂ ಉಂಟೆಂಬದನ್ನು ಮರೆಯಬಾರದು. ನೆಗಡಿಯಾದಾಗ ಮೇಲಿನ ದವಡೆಯ ಹಲವು ಹಲ್ಲುಗಳು ಒಟ್ಟಿಗೆ ನೋಯುತ್ತಾ, ಬಗ್ಗಿದಾಗ ಮುಖವೆಲ್ಲಾ ಭಾರವಾದರೆ, ಕೆನ್ನೆಯೆಲುಬಿನ ಒಳಗಿರುವ ಗಾಳಿಗೂಡಿನ ಉರಿಯೂತವಿರಬಹುದು. ಮೆಟ್ಟಲು ಹತ್ತುವಾಗ ಕೆಳದವಡೆಯಲ್ಲಿ ಹಿಸುಕಿದಂಥ ನೋವು ಬಂದು, ಕೂತರೆ ಹೋಗುವದಾದರೆ, ಅದು ಹೃದಯದ ಕೂಗು. ಹೆಂಗಸರಲ್ಲಿ ಹೃದಯದ ನೋವು ಎದೆಯಲ್ಲಿ ಅಷ್ಟಾಗಿ ತೋರದೆ ದವಡೆಯಲ್ಲಿಯೂ ಬೆನ್ನಿನಲ್ಲಿಯೂ ತೋರುವದುಂಟು. ಇಂಥ ನೋವಿಗೆ ಲವಂಗದೆಣ್ಣೆ ಹಚ್ಚುತ್ತಾ ಕೂರಬಾರದು.

೬. ತಡಮಾಡಬಾರದ ಗುರುತುಗಳು

ಇವು ಕಂಡರೆ ಪ್ರಶ್ನೆಗಳನ್ನು ಬರೆಯುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ತುಟಿ, ನಾಲಿಗೆ, ಮುಖ ಇವು ಒಮ್ಮೆಗೇ ಬಾತುಕೊಳ್ಳುವದು. ಎನಲಾಪ್ರಿಲ್ ಮೊದಲಾದ ರಕ್ತದೊತ್ತಡದ ಔಷಧಗಳಿಂದ, ವರ್ಷಗಟ್ಟಲೆ ಸೇವಿಸಿದ ಮೇಲೆಯೂ, ಹೀಗಾಗಬಹುದು. ಉಸಿರು ಕಟ್ಟುವ ಭಯವುಂಟು.

ಗಳಗಂಡದ ರೋಗಕ್ಕೆ ಕಾರ್ಬಿಮಜೋಲ್ ತಕ್ಕೊಳ್ಳುವವರಿಗೆ ಜ್ವರ, ಗಂಟಲುನೋವು, ಬಾಯಿಹುಣ್ಣು ಕೂಡಿ ಬರುವದು. ರಕ್ತದ ಬಿಳಿಕಣಗಳು ಕುಗ್ಗಿರಬಹುದು, ಅಂದೇ ರಕ್ತಪರೀಕ್ಷೆಯಾಗಬೇಕು.

ಮೆಥೊಟ್ರೆಕ್ಸೇಟ್ ತಕ್ಕೊಳ್ಳುವವರ ಬಾಯಲ್ಲಿ ಹಲವು ಹುಣ್ಣುಗಳಾಗುವದು.

ಹೊಸ ಔಷಧ ಆರಂಭಿಸಿದ ಮೇಲೆ ಬಾಯಿಯ ಹುಣ್ಣುಗಳ ಸಂಗಡ ಕಣ್ಣು ಕೆಂಪಾಗಿ ಮೈಮೇಲೆ ಬೊಕ್ಕೆಗಳೇಳುವದು.

ಇನ್ನೊಂದು ಹಲ್ಲಿನದೇ: ಹಲ್ಲಿನ ಬಾವು ದವಡೆಯ ಕೆಳಗೆ ಕುತ್ತಿಗೆಗೆ ಇಳಿದು, ಬಾಯಿ ತೆರೆಯಲಿಕ್ಕೂ ನುಂಗಲಿಕ್ಕೂ ಆಗದಿರುವದು. ಹಲ್ಲುನೋವಿನಿಂದ ಯಾರೂ ಸಾಯುವದಿಲ್ಲವೆಂಬ ಮಾತು ಸುಳ್ಳು.

೭. ಮನೆಯಲ್ಲಿ ನಡಿಸತಕ್ಕ ಕ್ರಮ

ಪ್ರತಿಯೊಬ್ಬ ಗೃಹಿಣಿಯೂ ಹಾಲಿನ ಲೆಕ್ಕ, ದಿನಸಿಯ ಲೆಕ್ಕ ಬರೆಯುವಂತೆ ಔಷಧದ ಲೆಕ್ಕವನ್ನೂ ಒಂದು ಪುಸ್ತಕದಲ್ಲಿ ಬರೆಯಬೇಕು: ಔಷಧದ ಹೆಸರು, ಯಾವ ರೋಗಕ್ಕೆ, ಎಷ್ಟು, ದಿನಕ್ಕೋ ವಾರಕ್ಕೋ, ಆರಂಭಿಸಿದ ತಾರೀಕು. ನಾಟಿ ಮದ್ದು, ಕಷಾಯ, ಲೇಹ್ಯಗಳನ್ನೂ ಬಿಡಬಾರದು. ವಾರಕ್ಕೊಮ್ಮೆಯ ಗುಳಿಗೆಯ ಎದುರಿಗೆ ವಾರದ ಹೆಸರನ್ನೇ ಕೆಂಪು ಅಕ್ಷರಗಳಲ್ಲಿ ಬರೆಯಿರಿ. ಓದುಬರಹವಿಲ್ಲದ ಹಿರಿಯರ ಗುಳಿಗೆಗಳನ್ನು ಓದಬಲ್ಲ ಮಗಳೋ ಸೊಸೆಯೋ ಮೊಮ್ಮಗಳೋ ತನ್ನ ಕೈಯಿಂದಲೇ ಎಣಿಸಿ ಕೊಡತಕ್ಕದ್ದು.

ದಂತವೈದ್ಯರ ಹತ್ತಿರ ಹೋಗುವಾಗ ಈ ಪುಸ್ತಕವನ್ನೂ ಗುಳಿಗೆಯ ಹಾಳೆಗಳನ್ನೂ ಒಯ್ಯಿರಿ. ಸಾಧಾರಣ ವೈದ್ಯರ ಹತ್ತಿರ ಹೋದಾಗ ಬಾಯಿಯ ತೊಂದರೆಯನ್ನು ನಾಚದೆ ಹೇಳಿರಿ. ಒಬ್ಬರು ಬಾಯನ್ನು ಮಾತ್ರ ನೋಡಿ, ಇನ್ನೊಬ್ಬರು ಉಳಿದ ಮೈಯನ್ನು ಮಾತ್ರ ನೋಡಿದರೆ, ನಡುವೆ ಸುದ್ದಿ ಮುಟ್ಟಿಸತಕ್ಕವರು ನಾವೇ. ನೋಯುವ ಹಲ್ಲಿನ ಪಕ್ಕದಲ್ಲಿ ಆಸ್ಪಿರಿನ್ ಗುಳಿಗೆಯನ್ನು ಒತ್ತಿಡುವದು ಒಳ್ಳೇದಲ್ಲ. ಅದು ಒಸಡನ್ನು ಸುಟ್ಟು ಬೆಳ್ಳಗೆ ಮಾಡುವದು. ಹಿಂದಿನ ಕಾಯಿಲೆಯಲ್ಲಿ ಉಳಿದ ಗುಳಿಗೆಗಳನ್ನು ಈಗಿನ ಹಲ್ಲುನೋವಿಗೆ ನುಂಗುವದೂ ಬೇಡ.

ಔಷಧದ ಅಡ್ಡ ಪರಿಣಾಮಗಳನ್ನು ಕೂಡಿಸಿ ವಿಚಾರಿಸುವದಕ್ಕಾಗಿ ಭಾರತ ಸರಕಾರವು ೨೦೧೦ರಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ವೈದ್ಯರು ಮಾತ್ರವಲ್ಲ, ರೋಗಿಗಳೂ ಮನೆಯವರೂ ಅದಕ್ಕೆ ತಿಳಿಸಬಹುದು. ೧೯೩೯ರಲ್ಲಿ ಒಬ್ಬ ವೈದ್ಯರು ತಮ್ಮ ರೋಗಿಗಳ ಒಸಡುಗಳನ್ನು ಗಮನವಿಟ್ಟು ನೋಡಿದ್ದರಿಂದಲೇ ಲೋಕಕ್ಕೆ ಒಂದು ತಿಳಿವಳಿಕೆ ಉಂಟಾಯಿತಲ್ಲವೇ? ನಿಮ್ಮ ಪುಸ್ತಕದ ಒಂದು ಸಾಲು ಸಹ ಹಾಗೆ ಉಪಯೋಗಕ್ಕೆ ಬಂದೀತು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಗುಳಿಗೆ ಆರಂಭಿಸಿದ ಮರುದಿನ ಒಂದೇ ದವಡೆಹಲ್ಲು ತಣ್ಣೀರಿಗೆ ಜುಮ್ಮೆಂದರೆ ನೀವು ಯಾವದನ್ನು ಸಂಶಯಿಸುವಿರಿ? ಯಾಕೆ?

೨. ಪಾಚಿಯಿಂದ ಬಾತ ಒಸಡಿಗೂ ಔಷಧದಿಂದ ಬೆಳೆದ ಒಸಡಿಗೂ ಇರುವ ಭೇದಗಳಲ್ಲಿ ಮೂರನ್ನು ಹೇಳಿರಿ.

೩. ಒಬ್ಬ ಗರ್ಭಿಣಿಯು ಒಸಡಿನಲ್ಲಿ ರಕ್ತ ಬರುವದೆಂದು ಕಬ್ಬಿಣದ ಗುಳಿಗೆಯನ್ನು ಬಿಟ್ಟಿದ್ದಾಳೆ. ಅವಳಿಗೆ ಏನು ಹೇಳುವಿರಿ?

೪. ನಿಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಮಾತ್ರ ತಕ್ಕೊಳ್ಳತಕ್ಕ ಗುಳಿಗೆ ಯಾವದಾದರೂ ಉಂಟೋ? ಇಂದೇ ನೋಡಿರಿ.

ಈ ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನು ನನಗೆ ಒಪ್ಪಿಸಬೇಕಾಗಿಲ್ಲ. ಆದರೆ ಈ ಸಂಚಿಕೆಯನ್ನು ಮಡಚಿಡುವದಕ್ಕೆ ಮೊದಲು ಎದ್ದುಹೋಗಿ ಅಜ್ಜಿಯ ಗುಳಿಗೆಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಿದರೆ, ಈ ಪಾಠವನ್ನು ಬರೆದ ಶ್ರಮವು ಸಾರ್ಥಕವಾಯಿತೆಂದು ತಿಳಿಯುತ್ತೇನೆ.

— ಒಬ್ಬ ಹಳೇ ವಿದ್ಯಾರ್ಥಿನಿ